ನೋವಾ ಉಬ್ಬರದ ಮ್ಯಾಪ್: ಕಡಲತೀರದಲ್ಲಿ ಮನೆ ಕೊಳ್ಳುವವರು ಮೊದಲು ನೋಡಿ (5ಕ್ಕೆ 4)

ಬೆಂಗಳೂರಿನಲ್ಲಿ ಸೈಟು ಕೊಳ್ಳುವ ಮುಂಚೆ ಗ್ರಾಮ ನಕ್ಷೆ ತೆಗೆಸಿ ರಾಜಕಾಲುವೆ ಎಲ್ಲಿ ಹಾಯ್ದಿದೆ ಅಂತ ನೋಡುತ್ತೇವೆ, ಅಲ್ವಾ? ಮಗಳು, ಅಳಿಯ ಅಮೆರಿಕದ ನಾರ್ಫೋಕ್‌ನಲ್ಲಿ ಮನೆ ಕೊಳ್ಳುತ್ತೇವೆ ಅಂದಾಗಲೂ ನನ್ನ ಮೊದಲ ಪ್ರಶ್ನೆ ಅದೇ: ನೀರು ಎಲ್ಲಿಂದ ಬರುತ್ತೆ?

ಅಲ್ಲಿ ಸಮುದ್ರದಿಂದಲೇ ಬರುತ್ತದೆ. ಮಳೆಯೇ ಇಲ್ಲದ ದಿನವೂ ಉಬ್ಬರ ಜೋರಾದರೆ ಉಪ್ಪುನೀರು ಚರಂಡಿ ಪೈಪಿನಲ್ಲಿ ಹಿಂದಕ್ಕೆ ನುಗ್ಗಿ ರಸ್ತೆಗೆ ಏರುತ್ತದೆ. ಸಮುದ್ರದ ಮಟ್ಟ ಏರುತ್ತಿದೆ, ಊರಿನ ನೆಲ ಕುಸಿಯುತ್ತಿದೆ. ಏಜೆಂಟ್ ಇದರ ಬಗ್ಗೆ ಬಾಯಿ ಬಿಟ್ಟಿರಲಿಲ್ಲ.

ಸಮುದ್ರ, ಹವಾಮಾನ ನೋಡಿಕೊಳ್ಳುವ ಅಮೆರಿಕ ಸರ್ಕಾರದ ನೋವಾ (NOAA) ಸಂಸ್ಥೆಯ 'ಸೀ ಲೆವೆಲ್ ರೈಸ್ ವ್ಯೂಯರ್' ಅನ್ನೋ ಈ ಮ್ಯಾಪ್ ಪುಕ್ಕಟೆ. ಬ್ರೌಸರ್‌ನಲ್ಲೇ ತೆರೆಯುತ್ತದೆ. ಪಕ್ಕದ ಪಟ್ಟಿ ಎಳೆದರೆ ನೀರು ಸೊನ್ನೆಯಿಂದ 10 ಅಡಿವರೆಗೆ ಏರಿದಂತೆ ಊರು ನೀಲಿಯಾಗುತ್ತಾ ಹೋಗುತ್ತದೆ. ಎಲ್ಲರೂ ಇದನ್ನೇ ಎಳೆದಾಡಿ ಹೆದರುತ್ತಾರೆ. ಸೊನ್ನೆ ಅಂದರೆ ಸಾಮಾನ್ಯ ಸಮುದ್ರ ಮಟ್ಟವಲ್ಲ, ದಿನದ ದೊಡ್ಡ ಉಬ್ಬರದ ಸರಾಸರಿ. ಇದು ಗೊತ್ತಿಲ್ಲದೆ ನೋಡಿದರೆ ಲೆಕ್ಕ ತಪ್ಪುತ್ತದೆ. ಹಸಿರು ಬಣ್ಣದ ಜಾಗ ನೋಡಿ ಸಮಾಧಾನಪಡಬೇಡಿ. ಅದು ತಗ್ಗು ಜಾಗವೇ. ಸಮುದ್ರದ ನೀರಿಗೆ ನೇರ ದಾರಿ ಕಾಣುವುದಿಲ್ಲ, ಅಷ್ಟೇ.

ನನಗೆ ನಿಜಕ್ಕೂ ಉಪಯೋಗವಾದದ್ದು 'ಹೈ ಟೈಡ್ ಫ್ಲಡಿಂಗ್' (ಉಬ್ಬರದ ನೆರೆ) ಅನ್ನೋ ಭಾಗ. 10 ಅಡಿಯ ಮಾತು ಮೊಮ್ಮಕ್ಕಳ ಕಾಲಕ್ಕಿರಲಿ. ಯಾವ ಬೀದಿಗೆ ಈಗಲೇ ಉಬ್ಬರದ ನೀರು ಬರುತ್ತದೆ, ಕಾರು ಎಲ್ಲಿ ನಿಲ್ಲಿಸಬಾರದು ಅನ್ನೋದು ತಿಳಿಯೋದು ಅಲ್ಲಿ. ಮಗಳು ಇಷ್ಟಪಟ್ಟ ಎರಡು ಮನೆಗಳಲ್ಲಿ ಒಂದರ ಮುಂದಿನ ರಸ್ತೆ ಪೂರ್ತಿ ಕೆಂಪು, ಅಂದರೆ ಈಗಲೇ ಉಬ್ಬರದ ನೀರು ಬರುವ ಜಾಗ. "ಅಮ್ಮ, ಮನೆ ಒಳಗೆ ನೀರು ಬರಲ್ಲ" ಅಂದಳು. ಸರಿ, ಆಫೀಸಿಗೆ ಹೇಗೆ ಹೋಗ್ತೀಯ?

ಒಂದು ಸ್ಟಾರ್ ಕಡಿಮೆ ಕೊಟ್ಟದ್ದಕ್ಕೆ ಕಾರಣವಿದೆ. ದಡದ ಕೊರೆತ, ನೆಲದ ಕುಸಿತ, ಮುಂದೆ ಕಟ್ಟುವ ತಡೆಗೋಡೆ ಯಾವುದೂ ಇದರ ಲೆಕ್ಕದಲ್ಲಿಲ್ಲ. ಚರಂಡಿ ಪೈಪುಗಳೂ ಇಲ್ಲ. ನೀರು ಬರೋದೇ ಅಲ್ಲಿಂದ! ಹಾಗಾಗಿ ನಗರಸಭೆಯ ಕಾಗದಗಳನ್ನೂ ಓದಲೇಬೇಕು. ನಾರ್ಫೋಕ್ 2018ರಲ್ಲಿ ಕಟ್ಟಡ ನಿಯಮವನ್ನೇ ಬದಲಿಸಿ, ಹೊಸ ಮನೆ ನೀರನ್ನು ಎಷ್ಟು ತಡೆದುಕೊಳ್ಳುತ್ತದೆ ಅಂತ ಅಂಕ ಹಾಕುವ ಪದ್ಧತಿ ತಂದಿದೆ. ಒಳ್ಳೆಯ ಕೆಲಸ. ಆದರೆ ಮಗಳು ನೋಡಿದ್ದು ಎರಡೂ ಹಳೇ ಮನೆ.

ಕರಾವಳಿಯ ನೆಂಟರಿಗೂ ತೋರಿಸೋಣ ಅಂತ ಮರವಂತೆ, ಉಳ್ಳಾಲ ಹುಡುಕಿದೆ. ಇದರಲ್ಲಿರುವುದು ಅಮೆರಿಕದ ತೀರಗಳು ಮಾತ್ರ. ಒಂದು ಕಡೆ ಸೌಪರ್ಣಿಕಾ, ಇನ್ನೊಂದು ಕಡೆ ಕಡಲು, ನಡುವೆ ಹೆದ್ದಾರಿ ಇರುವ ಮರವಂತೆಗೆ ಇಂಥದ್ದೊಂದು ಮ್ಯಾಪ್ ಕನ್ನಡದಲ್ಲಿ ಪಂಚಾಯಿತಿ ಗೋಡೆಯ ಮೇಲೇ ಬೇಕು.