ತುಂಗಭದ್ರಾ ದಂಡೆಯ ಭತ್ತಕ್ಕೆ ಫಸಲ್ ಬಿಮಾ: ರೈತರು ನೋಡಿಕೊಳ್ಳಬೇಕಾದದ್ದು

ಗಂಗಾವತಿ, ಸಿಂಧನೂರು ಭಾಗದ ಭತ್ತದ ಬೆಳೆಗಾರರಿಗೆ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಷ್ಟು ಅಗ್ಗದ ರಕ್ಷಣೆ ಬೇರೆ ಸಿಗದು. ಮುಂಗಾರಿಗೆ ರೈತ ಕಟ್ಟಬೇಕಾದದ್ದು ವಿಮಾ ಮೊತ್ತದ ಹೆಚ್ಚೆಂದರೆ ಶೇ 2, ಉಳಿದ ಕಂತು ಸರ್ಕಾರಗಳದ್ದು. ಆದರೆ ಭತ್ತ ನೀರಿನಲ್ಲೇ ಬೆಳೆಯುವ ಪೈರೆಂಬ ಕಾರಣಕ್ಕೆ 2018ರಲ್ಲಿ ಅದರ ಮುಳುಗಡೆಯನ್ನು ಸ್ಥಳೀಯ ವಿಕೋಪಗಳ (ಒಬ್ಬೊಬ್ಬ ರೈತನ ಹೊಲದ ಹಾನಿಯನ್ನೇ ನೋಡಿ ಪರಿಹಾರ ಕೊಡುವ) ಪಟ್ಟಿಯಿಂದ ಕೈಬಿಟ್ಟದ್ದು ನದಿ ದಂಡೆಯವರಿಗಾದ ಅನ್ಯಾಯವೇ ಸರಿ. ಮಡಿಯಲ್ಲಿ ನಿಲ್ಲಿಸಿದ ನೀರೇ ಬೇರೆ, ಜಲಾಶಯದ ಗೇಟು ತೆರೆದಾಗ ಉಕ್ಕಿ ಬಂದು ತೆನೆಗೆ ರಾಡಿ ಮೆತ್ತಿ ಪೈರನ್ನು ನೆಲಕ್ಕೆ ಮಲಗಿಸುವ ಹೊಳೆಯೇ ಬೇರೆ. ಇಡೀ ಗ್ರಾಮ ಪಂಚಾಯಿತಿಯ ಸರಾಸರಿ ಇಳುವರಿ ಕುಸಿಯದಿದ್ದರೆ ದಂಡೆಯ ಗದ್ದೆ ಪೂರ್ತಿ ಹೋದರೂ ಪರಿಹಾರವಿರಲಿಲ್ಲ. 2026ರ ಮುಂಗಾರಿನಿಂದ ಈ ರಕ್ಷಣೆಯನ್ನು ಮರಳಿ ಸೇರಿಸುವ ಕೇಂದ್ರದ ನಿರ್ಧಾರ ತಡವಾದರೂ ಸ್ವಾಗತಾರ್ಹ.

ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕೆಂಬ ನಿಯಮ ಮಾತ್ರ ಕಠಿಣ. ನೆರೆ ಇಳಿದು ಗದ್ದೆಗೆ ಕಾಲಿಡುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಆದ್ದರಿಂದ ಸರ್ವೆ ನಂಬರ್, ಕಂತಿನ ರಸೀದಿ ಕೈಯಲ್ಲಿಟ್ಟುಕೊಂಡು ಬೆಳೆ ವಿಮೆ ಸಹಾಯವಾಣಿ 14447ಕ್ಕೆ ತಕ್ಷಣ ಕರೆ ಮಾಡುವುದು ಲೇಸು. ಕೊಚ್ಚಿಹೋದ ಪಂಪ್‌ಸೆಟ್ಟಿಗಾಗಲೀ, ರಸ್ತೆಯಲ್ಲಿ ಒಣಹಾಕಿದ ಒಕ್ಕಿದ ಭತ್ತಕ್ಕಾಗಲೀ ಈ ವಿಮೆ ಅನ್ವಯಿಸುವುದಿಲ್ಲ.