ಮಂಡಿನೋವಿಗೆ ಎಕ್ಕದ ಎಲೆ ಕಟ್ಟುವವರು ಅದರ ಹಾಲಿನ ಬಗ್ಗೆ ತಿಳಿದಿರಲಿ

ನನ್ನ ತಾಯಿಗೆ 68 ವರ್ಷ. ಎರಡೂ ಮಂಡಿಗಳ ಕೀಲು ಸವೆದಿದೆ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಾರೆ, ನೆಲದ ಮೇಲೆ ಕುಳಿತರೆ ಏಳಲು ಇನ್ನೊಬ್ಬರ ಕೈ ಬೇಕು. ಕಳೆದ ಚಳಿಗಾಲದಲ್ಲಿ ನೋವು ಹೆಚ್ಚಾದಾಗ, ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಹೆಂಚಿನ ಮೇಲೆ ಬಾಡಿಸಿ ರಾತ್ರಿಯೆಲ್ಲ ಕಟ್ಟಿಕೊಂಡರೆ ನೋವು ಇಳಿಯುತ್ತದೆ ಎಂದು ನೆರೆಯವರು ಹೇಳಿದರು. ಅದೇ ಮಾತಿನ ವಿಡಿಯೊ ಫೋನಿಗೂ ಬಂತು. ರಥಸಪ್ತಮಿಯ ದಿನ ತಲೆ, ಭುಜಗಳ ಮೇಲೆ ಇಟ್ಟುಕೊಂಡು ಸ್ನಾನ ಮಾಡುವ ಎಲೆಯಿಂದ ಕೆಡುಕಾದೀತು ಎಂದು ನಮ್ಮಲ್ಲಿ ಯಾರಿಗೂ ಅನ್ನಿಸಲಿಲ್ಲ.

ಸಂಜೆ ಕೆರೆ ಏರಿಯ ಮೇಲಿನ ಗಿಡದಿಂದ ನಾನೇ ಆರು ಎಲೆ ಕಿತ್ತೆ. ಒಂದೊಂದು ಎಲೆ ಮುರಿದಾಗಲೂ ತೊಟ್ಟಿನ ಬುಡದಲ್ಲಿ ಬಿಳಿ ಹಾಲು ಉಕ್ಕಿ, ತೊಟ್ಟಿಕ್ಕಿ, ಬೆರಳ ಸಂದಿಗೆ ಇಳಿದು ಅಂಟಂಟಾಯಿತು. ಕೈಯನ್ನು ಸೆರಗಿಗೆ ಒರೆಸಿಕೊಂಡೆ. ಹಣೆಯ ಬೆವರು ಕಣ್ಣಿಗಿಳಿದಾಗ ಅದೇ ಕೈಯಿಂದ ಬಲಗಣ್ಣನ್ನು ಉಜ್ಜಿದೆ. ಸ್ವಲ್ಪ ಉರಿಯಿತು. ಮನೆಗೆ ಬಂದು ಎರಡು ಬೊಗಸೆ ನೀರು ಎರಚಿಕೊಂಡೆ, ಉರಿ ನಿಂತಿತು, ನಾನು ಮರೆತೆ.

ರಾತ್ರಿ ಊಟದ ಹೊತ್ತಿಗೆ ದೀಪದ ಸುತ್ತ ಕಾಮನಬಿಲ್ಲಿನ ಬಣ್ಣದ ಬಳೆಗಳು ಕಾಣತೊಡಗಿದವು. ನೋವಿಲ್ಲದ ಕಾರಣ ನಿದ್ದೆ ಮಾಡಿದರೆ ಸರಿಹೋಗುತ್ತದೆಂದು ಮಲಗಿದೆ. ಬೆಳಿಗ್ಗೆ ಎಡಗಣ್ಣು ಮುಚ್ಚಿ ನೋಡಿದರೆ ಗೋಡೆಯ ಕ್ಯಾಲೆಂಡರಿನ ದೊಡ್ಡ ಅಂಕಿಗಳೂ ಮಂಜಿನಲ್ಲಿ ಮುಳುಗಿದ್ದವು. ಎದೆಹಾಲು ಬಿಟ್ಟರೆ ತಿಳಿಯಾಗುತ್ತದೆ ಎಂದು ಒಬ್ಬರು, ಒಂದು ತೊಟ್ಟು ಹರಳೆಣ್ಣೆ ಬಿಡಿ ಎಂದು ಮತ್ತೊಬ್ಬರು ಹೇಳಿದರು. ಆ ಎರಡನ್ನೂ ಮಾಡದೆ ಬಸ್ಸು ಹತ್ತಿದ್ದೇ ಅಂದು ನಾನು ಮಾಡಿದ ಒಂದು ಸರಿಯಾದ ಕೆಲಸ.

ಕಣ್ಣಿನ ವೈದ್ಯರು ಪರೀಕ್ಷಿಸುವ ಮೊದಲೇ, "ಎಕ್ಕದ ಹಾಲು ಏನಾದರೂ ತಾಗಿತ್ತೇನಮ್ಮ?" ಎಂದು ಕೇಳಿದರು. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾದ ಒಳಮೈಯಲ್ಲಿ ಒಂದೇ ಸಾಲಿನ ಜೀವಕೋಶಗಳಿದ್ದು, ಅವು ಸದಾ ನೀರನ್ನು ಹೊರಹಾಕುತ್ತ ಪಟಲವನ್ನು ತಿಳಿಯಾಗಿ ಇಡುತ್ತವೆ. ಎಕ್ಕದ ಹಾಲು ಒಳಗಿಳಿದು ಆ ಕೋಶಗಳಿಗೇ ಪೆಟ್ಟು ಕೊಡುವುದರಿಂದ ಕಾರ್ನಿಯಾ ನೀರು ಹೀರಿ ಊದಿಕೊಂಡು ಮಂಜಾಗುತ್ತದೆ ಎಂದು ಅವರು ವಿವರಿಸಿದರು. ಅನೇಕರಿಗೆ ಹೀಗಾದರೂ ನೋವಿರುವುದಿಲ್ಲ, ಆದ್ದರಿಂದಲೇ ತಡವಾಗಿ ಬರುತ್ತಾರೆ ಎಂದರು. ಅವರ ನಿಗಾದಲ್ಲಿ ಸ್ಟೀರಾಯ್ಡ್ ಹನಿಗಳನ್ನೂ ಉಪ್ಪಿನಂಶದ ಹನಿಗಳನ್ನೂ ಹಾಕಿಕೊಂಡೆ; ದೃಷ್ಟಿ ತಿಳಿಯಾಗಲು 12 ದಿನ ಹಿಡಿಯಿತು. ಆ ಕೋಶಗಳು ಮತ್ತೆ ಹುಟ್ಟುವುದಿಲ್ಲ. ಮುಂದೆ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸುವಾಗ ಈ ಸಂಗತಿಯನ್ನು ತಪ್ಪದೆ ಹೇಳಬೇಕೆಂದು ನನ್ನ ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ.

ಅಮ್ಮನ ಮಂಡಿಯ ಕಥೆ ಬೇರೆ. ನಾನು ಮಂಜುಗಣ್ಣಿನಲ್ಲಿ ಮಲಗಿದ್ದ ಅದೇ ರಾತ್ರಿ ಅವರಿಗೆ ಕಟ್ಟಿನ ಕೆಳಗೆ ಉರಿ ಶುರುವಾಗಿತ್ತು. ಉರಿದರೆ ಔಷಧ ಹಿಡಿದಿದೆ ಎಂದರ್ಥ ಎಂದು ತಿಳಿದು ಅವರು ಬೆಳಗಿನವರೆಗೆ ಸಹಿಸಿಕೊಂಡರು. ಬಟ್ಟೆ ಬಿಚ್ಚಿದಾಗ ಎಲೆಯ ತೊಟ್ಟು ತಾಗಿದ್ದ ಕಡೆ ಚರ್ಮ ಕೆಂಪಾಗಿ, ಹುಣಸೆಬೀಜದಷ್ಟು ದೊಡ್ಡ ಎರಡು ಗುಳ್ಳೆ ಎದ್ದಿದ್ದವು. ಸಕ್ಕರೆ ಕಾಯಿಲೆ ಇರುವ ಅವರಿಗೆ ಆ ಗಾಯ ಮಾಯಲು ಮೂರು ವಾರ ಬೇಕಾಯಿತು.

ಎಕ್ಕವನ್ನು ನಾನು ಹಳಿಯುತ್ತಿಲ್ಲ. ಆಯುರ್ವೇದವೇ ಎಕ್ಕದ ಹಾಲನ್ನು ಉಪವಿಷಗಳ ಸಾಲಿನಲ್ಲಿಟ್ಟು, ಶುದ್ಧಿ ಮಾಡದೆ ಬಳಸಬಾರದೆಂದು ಹೇಳಿದೆ. ನಮಗೆ ತಲುಪಿದ ವಿಡಿಯೊದಲ್ಲಿ ಆ ಮಾತು ಇರಲಿಲ್ಲ. ಕೈ ತೊಳೆಯಿರಿ ಎಂಬ ಮಾತು ಕೂಡ ಇರಲಿಲ್ಲ ಎಂಬುದೇ ನನ್ನ ಸಂಕಟ. ಪೂಜೆಗಾಗಲಿ ಸ್ನಾನಕ್ಕಾಗಲಿ ಈ ಗಿಡವನ್ನು ಮುಟ್ಟುವವರು ಮಕ್ಕಳ ಕೈಗೆ ಎಲೆ ಕೀಳುವ ಕೆಲಸ ಕೊಡಬೇಡಿ, ಕಿತ್ತ ಕೂಡಲೇ ಸೋಪು ಹಚ್ಚಿ ಕೈ ತೊಳೆಯಿರಿ. ಹಾಲು ಕಣ್ಣಿಗೆ ತಾಗಿದರೆ ನೋವಿರಲಿ ಇಲ್ಲದಿರಲಿ, ರೆಪ್ಪೆ ಬಿಡಿಸಿ ಹಿಡಿದು ಹರಿಯುವ ನೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ತೊಳೆದು, ಅಂದೇ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಅಂಗಡಿಯಲ್ಲಿ ಕೇಳಿ ತಂದ ಹನಿಗಳನ್ನು ನೀವಾಗಿಯೇ ಹಾಕಿಕೊಳ್ಳಬೇಡಿ.

ಅಮ್ಮನಿಗೆ ಈಗ ಮೂಳೆ ವೈದ್ಯರು ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ ಹೇಳಿಕೊಟ್ಟಿದ್ದಾರೆ. ಕಾಲು ಚಾಚಿ ಕುಳಿತು, ಮಂಡಿಯ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟು, ಐದು ಎಣಿಸುವವರೆಗೆ ಅದನ್ನು ಒತ್ತಿ ಬಿಡುವುದು. ಹೀಗೆ ಹತ್ತು ಸಲ, ಬೆಳಿಗ್ಗೆ ಮತ್ತು ಸಂಜೆ. ಒಂದು ಕಿಲೋ ತೂಕ ಇಳಿದರೆ ನಡೆಯುವಾಗ ಮಂಡಿಯ ಮೇಲೆ ಬೀಳುವ ಭಾರ ಹೆಜ್ಜೆಗೆ ಸುಮಾರು ನಾಲ್ಕು ಕಿಲೋ ಕಡಿಮೆಯಾಗುತ್ತದೆ ಎಂದು ಕೇಳಿದ ಮೇಲೆ ರಾತ್ರಿಯ ಅನ್ನವನ್ನು ಅವರೇ ಅರ್ಧಕ್ಕೆ ಇಳಿಸಿದ್ದಾರೆ. ನೋವು ಪೂರ್ತಿ ಹೋಗಿಲ್ಲ. ಆದರೆ ಹೋದ ವಾರ ಗೋಡೆ ಹಿಡಿಯದೆ ನಾಲ್ಕು ಮೆಟ್ಟಿಲು ಇಳಿದರು.