ಏರ್ ರೈಫಲ್ ವೇಗ ಅಳೆಯಲು ಮೂತಿಗೆ ಕಚ್ಚಿಸುವ ಮೀಟರೋ, ಸ್ಟ್ಯಾಂಡಿನದೋ?

ನನ್ನ ಓಟು ಸ್ಟ್ಯಾಂಡಿನ ಮೇಲೆ ಕೂರುವ, ಸೆನ್ಸರ್‌ಗಳ ನಡುವೆ ಒಂದಡಿ ಅಂತರವಿರುವ ಕ್ರೋನೋಗ್ರಾಫ್‌ಗೆ (ಎರಡು ಸೆನ್ಸರ್‌ಗಳ ನಡುವೆ ಪೆಲ್ಲೆಟ್, ಅಂದರೆ ಪುಟ್ಟ ಸೀಸದ ಗುಂಡು, ಹಾದುಹೋಗುವ ಸಮಯದಿಂದ ವೇಗ ಅಳೆಯುವ ಮೀಟರ್). ನಳಿಗೆಯ ಮೂತಿಗೇ ಕಚ್ಚಿಸುವ ಪುಟ್ಟ ಮೀಟರ್ ಜೇಬಿಗೆ ಹಿಡಿಯುತ್ತದೆ, ಬೆಳಕಿನ ರಗಳೆಯಿಲ್ಲ. ಅದರ ಗುಣಗಾನ ಅಲ್ಲಿಗೆ ಮುಗಿಯಿತು.

ತೊಡಕು ಶುರುವಾಗುವುದು ಏರ್ ಸ್ಟ್ರಿಪ್ಪರ್‌ನಿಂದ. ಪೆಲ್ಲೆಟ್ ಹಿಂದೆ ನುಗ್ಗಿ ಬರುವ ಗಾಳಿಯನ್ನು ಪಕ್ಕಕ್ಕೆ ತಳ್ಳುವ, ಮೂತಿಯಲ್ಲಿ ಕೂರುವ ಈ ಭಾಗವನ್ನು ಪೆಲ್ಲೆಟ್ ತಲುಪುವ ಹೊತ್ತಿಗೆ ವೇಗ ಬಹುಪಾಲು ನಿರ್ಧಾರವಾಗಿರುತ್ತದೆ. ಆದರೂ ಕಚ್ಚಿಸುವ ಮೀಟರ್‌ನಲ್ಲಿ ಸ್ಟ್ರಿಪ್ಪರ್ ಹಾಕಿದಾಗ ಒಂದು ಸಂಖ್ಯೆ, ಬಿಚ್ಚಿದಾಗ ಇನ್ನೊಂದು. ಬದಲಾದದ್ದು ರೈಫಲ್ ಅಲ್ಲ, ಅಳತೆ.

ಸ್ಟ್ರಿಪ್ಪರ್ ಇಲ್ಲದಿದ್ದರೆ ಗಾಳಿಯೆಲ್ಲ ಸೆನ್ಸರ್ ಕೊಳವೆಗೇ ನುಗ್ಗುತ್ತದೆ. ಆರಿದ್ರಾ ಮಳೆಯಲ್ಲಿ ಮೂಡಿಗೆರೆ ಕಡೆ ಕೈಪಂಪಿನಿಂದ ತುಂಬಿದ ಗಾಳಿಯಲ್ಲಿ ತೇವ ಉಳಿದಿದ್ದರೆ, ಒಮ್ಮೆಲೇ ಹಿಗ್ಗಿ ತಣಿದು ಮಂಜಾಗಿ ಹೊರಬರುತ್ತದೆ. ಇನ್‌ಫ್ರಾರೆಡ್ ಕಣ್ಣು ಪೆಲ್ಲೆಟ್ ಬಿಟ್ಟು ಅದನ್ನೇ ಎಣಿಸಬಹುದು. (ಪಂಪಿನಲ್ಲಿ ತೇವ ಹೀರುವ ಸಿಲಿಕಾ ಜೆಲ್ ಬದಲಿಸದವರಿಗೆ ಇದು ತಪ್ಪಿದ್ದಲ್ಲ.) ಸೆನ್ಸರ್‌ಗಳ ನಡುವೆ 50 ಮಿ.ಮೀ. ಇದ್ದರೆ ಪೆಲ್ಲೆಟ್ ಇರುವ ಜಾಗ ಗುರುತಿಸುವಲ್ಲಿ 1 ಮಿ.ಮೀ. ತಪ್ಪೆಂದರೆ ಶೇ 2. ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಅದು 3.4 ಮೀಟರ್! 300 ಮಿ.ಮೀ. ಅಂತರದಲ್ಲಿ ಅದೇ ತಪ್ಪು 0.6 ಮೀಟರ್ ಕೂಡ ಆಗದು.

ಸ್ಟ್ಯಾಂಡಿನದಕ್ಕೆ ಟ್ಯೂಬ್‌ಲೈಟ್ ಮಿಣುಕು ಆಗದು, ಬ್ಯಾಟರಿ ಲ್ಯಾಂಪ್ ಬಳಸಿ. ಮೂತಿಯಿಂದ 1 ಮೀಟರ್ ದೂರ, ಪ್ರತಿ ಸಲವೂ ಅಷ್ಟೇ.

ಇನ್ನು 5 ಹೊಡೆತವೋ 30 ಹೊಡೆತವೋ? ಐದರಲ್ಲಿ ಸ್ಟ್ಯಾಂಡರ್ಡ್ ಡೀವಿಯೇಷನ್ (ವೇಗಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಸೆಕೆಂಡಿಗೆ 2 ಮೀಟರ್ ಬಂದರೆ ನಿಜವಾದದ್ದು 1.2ರಿಂದ 5.7ರವರೆಗೆ ಎಲ್ಲಾದರೂ ಇರಬಹುದು. ಮೂವತ್ತರಲ್ಲಿ 1.6ರಿಂದ 2.7. ಎರಡೂ ಶೇ 95ರ ಭರವಸೆಯ ಲೆಕ್ಕ. ಅತಿ ಹೆಚ್ಚು-ಅತಿ ಕಡಿಮೆ ವೇಗದ ಅಂತರವಂತೂ ಹೊಡೆತ ಹೆಚ್ಚಿದಷ್ಟೂ ತಾನೇ ಹಿಗ್ಗುತ್ತದೆ: ಐದಕ್ಕೆ ಡೀವಿಯೇಷನ್‌ನ ಸುಮಾರು 2.3 ಪಟ್ಟು, ಮೂವತ್ತಕ್ಕೆ 4.1 ಪಟ್ಟು. ಹಾಗಾಗಿ ಒಬ್ಬರ ಐದನ್ನು ಇನ್ನೊಬ್ಬರ ಮೂವತ್ತರ ಪಕ್ಕ ಇಡಬಾರದು.

ಸ್ಟ್ರಿಪ್ಪರ್ ಹಾಕಿ ಮೂವತ್ತು, ಬಿಚ್ಚಿ ಮೂವತ್ತು ಎಂದು ಒಂದೇ ಉಸಿರಿಗೆ ಹೊಡೆಯಬೇಡಿ, ರೈಫಲ್‌ನ ಗಾಳಿ ಸಿಲಿಂಡರ್ ಒತ್ತಡ ಇಳಿಯುತ್ತಿರುತ್ತದೆ. ಹತ್ತತ್ತರಂತೆ ಅದಲುಬದಲು ಮಾಡಿ, ಪ್ರತಿ ಸಲ ಅಷ್ಟೇ ಒತ್ತಡಕ್ಕೆ ತುಂಬಿಸಿ, ತುಂಬಿಸಿದ ಮೇಲಿನ ಮೊದಲ ಎರಡನ್ನು ಲೆಕ್ಕಕ್ಕೆ ಹಿಡಿಯಬೇಡಿ. ಸ್ಟ್ರಿಪ್ಪರ್ ಒಳಗೆ ಹತ್ತಿಕಡ್ಡಿ ಆಡಿಸಿ ನೋಡಿ. ಒಂದೇ ಬದಿಗೆ ಸೀಸದ ಗೆರೆ ಕಂಡರೆ ಪೆಲ್ಲೆಟ್ ತಾಗುತ್ತಿದೆ.

500 ಪೆಲ್ಲೆಟ್‌ನ ಡಬ್ಬಿಯಲ್ಲಿ ಇಂಥ ಆರು ಪರೀಕ್ಷೆ ಆರಾಮಾಗಿ ಆಗುತ್ತವೆ. ವರ್ಷಕ್ಕೊಮ್ಮೆ ಸೀಲ್ ಸೋರುತ್ತಿದೆಯೇ ಎಂದಷ್ಟೇ ನೋಡುವವರಿಗೆ ಕಚ್ಚಿಸುವ ಮೀಟರ್ ಸಾಕು. ಸ್ಟ್ರಿಪ್ಪರ್ ಬಗ್ಗೆ ಮಾತ್ರ ಅದನ್ನು ಕೇಳಬೇಡಿ.